ಹಳದಿ ಬೋರ್ಡ್ ಪರವಾಗಿ ಮಾತಾಡೋರು ಯಾರು?

ಟೀಮ್ ಔಟಿಂಗ್‌ಗೆ ಟೆಂಪೊ ಟ್ರಾವೆಲರ್ ಬುಕ್ ಮಾಡುವಾಗ ನಾವು ಕೇಳೋದು ಮೂರೇ ಪ್ರಶ್ನೆ. ಕಿಲೋಮೀಟರ್‌ಗೆ ಎಷ್ಟು? ಎಸಿ ಇದೆಯಾ? ಮ್ಯೂಸಿಕ್ ಸಿಸ್ಟಮ್ ಚೆನ್ನಾಗಿದೆಯಾ? ಆ ಗಾಡಿಗೆ ವರ್ಷಕ್ಕೆ ಪರ್ಮಿಟ್ ಎಷ್ಟು ಕಟ್ಟಬೇಕು, ಪಕ್ಕದ ರಾಜ್ಯದ ಗಡಿಯಲ್ಲಿ ತಡೆದು ನಿಲ್ಲಿಸಿದರೆ ಡ್ರೈವರ್ ಪರವಾಗಿ ಯಾರು ಫೋನ್ ಮಾಡ್ತಾರೆ ಅನ್ನೋದೆಲ್ಲ ನಮ್ಮ ತಲೆಗೇ ಬರೋದಿಲ್ಲ. ದುಡ್ಡು ಕೊಡೋ ಗಿರಾಕಿಗಳು ಯಾಕೆ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ?

ನಾನಿರೋದು ನಾಗರಬಾವಿ ಎರಡನೇ ಹಂತ. ನಮ್ಮ ಕಡೆ ಹಳದಿ ಬೋರ್ಡ್ ಗಾಡಿ ನಿಂತಿರದ ಬೀದಿ ಕಡಿಮೆ. ರಿಂಗ್ ರೋಡ್ ಪಕ್ಕದಲ್ಲೇ ಇದೆ. ಒಂದು ಕಡೆ ತಿರುಗಿದರೆ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಬಹುದು, ಇನ್ನೊಂದು ಕಡೆ ಹೋದರೆ ಗೊರಗುಂಟೆಪಾಳ್ಯದ ಮೇಲೆ ತುಮಕೂರು ರಸ್ತೆ. ಮಡಿಕೇರಿ, ಊಟಿಗೆ ಮೊದಲನೇ ದಾರಿ. ಚಿಕ್ಕಮಗಳೂರು, ಸಕಲೇಶಪುರ, ಧರ್ಮಸ್ಥಳಕ್ಕೆ ಎರಡನೆಯದು. ಶುಕ್ರವಾರ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ಸರ್ಕಲ್ ಹತ್ತಿರ ಬ್ಯಾಕ್‌ಪ್ಯಾಕ್ ನೇತುಹಾಕಿಕೊಂಡು ನಿಂತವರನ್ನ ನೋಡಿದರೆ, ಮಲೆನಾಡಿನ ವೀಕೆಂಡ್ ಅರ್ಧ ಇಲ್ಲಿಂದಲೇ ಹೊರಡುತ್ತೆ ಅನ್ನಿಸುತ್ತೆ.

ನಮ್ಮ ಮನೆಯಿಂದ ಮೂರು ಮನೆ ಆಚೆ ಒಬ್ಬರು ಟಿಟಿ ಓನರ್ ಇದ್ದಾರೆ. 12+1 ಸೀಟಿನ ಒಂದೇ ಗಾಡಿ. ಅವರೇ ಓನರ್, ಅವರೇ ಡ್ರೈವರ್. ನಾನು ಅವರನ್ನ ಅಣ್ಣ ಅಂತೀನಿ. ನಮ್ಮ ಆಫೀಸ್ ಟ್ರಿಪ್‌ಗೆಲ್ಲ ಅವರದ್ದೇ ಗಾಡಿ. ಈ ಸಲ ಆಫೀಸ್ ಗ್ರೂಪ್‌ನಲ್ಲಿ ಒಬ್ಬರು ಎರಡು ವೈಟ್ ಬೋರ್ಡ್ ಗಾಡಿಗಳ ರೇಟ್ ತಂದು ಹಾಕಿದರು. ಒಟ್ಟು ಲೆಕ್ಕದಲ್ಲಿ ಸಾಕಷ್ಟು ಕಡಿಮೆ. ಅಣ್ಣನಿಗೆ ವಿಷಯ ಹೇಳಿದೆ. ಅವರು ರೇಟ್ ಇಳಿಸಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ನಾನು ಟ್ಯಾಕ್ಸ್ ಕಟ್ಟಿದ್ದೀನಪ್ಪ, ಅವರು ಕಟ್ಟಿಲ್ಲ. ಸಂಘದಲ್ಲಿ ಇದನ್ನೇ ಎಷ್ಟು ವರ್ಷದಿಂದ ಹೇಳ್ತಾ ಇದ್ದೀವಿ" ಅಂದರು, ಅಷ್ಟೇ.

ಸಂಘ ಅಂದರೆ ನನ್ನ ಕಣ್ಣ ಮುಂದೆ ಬರ್ತಿದ್ದದ್ದು ರಾಜ್ಯೋತ್ಸವದ ಫ್ಲೆಕ್ಸು, ಅದರಲ್ಲಿ ಅಧ್ಯಕ್ಷರ ದೊಡ್ಡ ಫೋಟೊ, ಆಮೇಲೆ ಬಂದ್ ದಿನದ ಘೋಷಣೆ. ಆದರೆ ಬೆಂಗಳೂರಿನಲ್ಲಿ ಪ್ರವಾಸದ ಗಾಡಿ ಇಟ್ಟವರಿಗೆ ಒಂದಲ್ಲ, ಹಲವು ಸಂಘಗಳಿವೆ. ಬೆಂಗಳೂರು ಟೂರಿಸ್ಟ್ ಟ್ಯಾಕ್ಸಿ ಮಾಲೀಕರ ಸಂಘ, ಕರ್ನಾಟಕ ರಾಜ್ಯ ಟ್ರಾವೆಲ್ ಆಪರೇಟರ್ಸ್ ಅಸೋಸಿಯೇಷನ್ ಇತ್ಯಾದಿ. ಹೋಟೆಲ್‌ನವರಿಗೆ ಬೇರೆ, ಹೋಂಸ್ಟೇಯವರಿಗೆ ಬೇರೆ. ಇವುಗಳ ಕೆಲಸ ಏನು ಅಂತ ಒಂದಷ್ಟು ದಿನ ಅಣ್ಣನ ತಲೆ ತಿಂದು, ಸರ್ಕಾರಿ ಆದೇಶಗಳನ್ನೂ ಓದಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು: ಘೋಷಣೆ ಕೂಗೋದು ಚಿಕ್ಕ ಕೆಲಸ. ದೊಡ್ಡ ಕೆಲಸ ಆದೇಶದ ಒಳಗೆ ಒಂದು ಪದ ಸೇರಿಸೋದು.

ಮ್ಯಾಕ್ಸಿ ಕ್ಯಾಬ್ ಅನ್ನೋ ಪದ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಡ್ರೈವರ್ ಬಿಟ್ಟು ಆರು ಜನದವರೆಗೆ ಕೂರಿಸೋ ಬಾಡಿಗೆ ಗಾಡಿ ಮೋಟಾರ್ ಕ್ಯಾಬ್. ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಆದರೆ ಅದು ಮ್ಯಾಕ್ಸಿ ಕ್ಯಾಬ್. ನಾವು 'ಟ್ಯಾಕ್ಸಿ' ಅನ್ನೋದು ಮೊದಲನೆಯದನ್ನ. ಅಣ್ಣನ ಟಿಟಿ ಎರಡನೆಯದು.

ಇದೇನು ಮಹಾ ವ್ಯತ್ಯಾಸ ಅನ್ನಿಸಬಹುದು. 2020ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಗಾಡಿಗಳೆಲ್ಲ ಬೀದಿಯಲ್ಲೇ ಧೂಳು ಹಿಡೀತಿದ್ವು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಮರುವರ್ಷ ಎರಡನೇ ಅಲೆ ಬಂದಾಗ, 2021ರ ಮೇ 19ರಂದು 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಈ ಸಲ ಮೊತ್ತ 3,000ಕ್ಕೆ ಇಳಿದಿತ್ತು, ಆದರೆ ಘೋಷಣೆಯ ಸಾಲು ಸ್ವಲ್ಪ ಉದ್ದವಾಗಿತ್ತು: ಆಟೊ, ಟ್ಯಾಕ್ಸಿ ಮತ್ತು ಮ್ಯಾಕ್ಸಿ ಕ್ಯಾಬ್ ಚಾಲಕರು.

ನಮ್ಮ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತಿರೋ ಕಥೆ. ಡ್ರಾಪ್‌ಡೌನ್‌ನಲ್ಲಿ ನಿಮ್ಮ ಆಯ್ಕೆ ಇಲ್ಲದಿದ್ದರೆ ಫಾರ್ಮ್ ಮುಂದಕ್ಕೇ ಹೋಗೋಲ್ಲ. ನೀವು ಎಷ್ಟೇ ಕಷ್ಟದಲ್ಲಿರಿ, ಸಿಸ್ಟಮ್ ಪ್ರಕಾರ ನೀವು ಇಲ್ಲವೇ ಇಲ್ಲ. ಒಂಟಿ ಗಾಡಿಯ ಮಾಲೀಕ ವಿಧಾನಸೌಧಕ್ಕೆ ಹೋಗಿ "ಸ್ವಾಮಿ, ನಮ್ಮದೂ ಒಂದು ಪದ ಹಾಕಿ" ಅಂದರೆ ಗೇಟ್ ದಾಟಿಸೋರು ಯಾರು? ಒಂದಷ್ಟು ಸಾವಿರ ಗಾಡಿಗಳ ಲೆಕ್ಕ, ನೋಂದಣಿಯಾದ ಲೆಟರ್‌ಹೆಡ್, ಸಾರಿಗೆ ಆಯುಕ್ತರ ಕಚೇರಿಯಲ್ಲಿ ಮುಖಪರಿಚಯ ಇರುವ ಒಬ್ಬ ಕಾರ್ಯದರ್ಶಿ ಇದ್ದರೆ ಮನವಿ ಕನಿಷ್ಠ ಫೈಲ್ ಆಗುತ್ತೆ.

ಅದೇ ಸಮಯದಲ್ಲಿ ಕೇಂದ್ರ ಸರ್ಕಾರವೂ ಪ್ರವಾಸೋದ್ಯಮಕ್ಕೆ ಒಂದು ಸಾಲ ಖಾತರಿ ಯೋಜನೆ ತಂತು. 2021ರ ಜೂನ್ 28ರ ಘೋಷಣೆ. ಟೂರ್ ಆಪರೇಟರ್‌ಗಳಂಥವರಿಗೆ 10 ಲಕ್ಷದವರೆಗೆ, ನೋಂದಾಯಿತ ಟೂರಿಸ್ಟ್ ಗೈಡ್‌ಗಳಿಗೆ 1 ಲಕ್ಷದವರೆಗೆ, ನೂರಕ್ಕೆ ನೂರು ಸರ್ಕಾರದ ಗ್ಯಾರಂಟಿ. ಕೇಳೋಕೆ ಬಹಳ ಚಂದ. ಆದರೆ ಅದು ಸರ್ಕಾರದ ಮಾನ್ಯತೆ ಪಡೆದವರಿಗೆ. ನಮ್ಮ ಬೀದಿಯ ಅಣ್ಣ ಪ್ರವಾಸಿಗರನ್ನೇ ಕರೆದುಕೊಂಡು ಹೋಗ್ತಾರೆ, ಹಳೇಬೀಡಿನಲ್ಲಿ ಯಾವ ಹೋಟೆಲ್ ಊಟ ಚೆನ್ನಾಗಿದೆ ಅಂತ ಹೇಳೋದೂ ಅವರೇ. ಆದರೂ ಆ ಪಟ್ಟಿಯಲ್ಲಿ ಅವರು 'ಟೂರ್ ಆಪರೇಟರ್' ಅಲ್ಲ. ಆ ವರ್ಷ ಅವರು ಇಎಂಐ ಕಟ್ಟಿದ್ದು ಅತ್ತಿಗೆಯ ಬಳೆ ಅಡ ಇಟ್ಟು. ಆರ್‌ಬಿಐ 2020ರಲ್ಲಿ ಆರು ತಿಂಗಳು ಕಂತು ಮುಂದೂಡೋಕೆ ಬಿಟ್ಟಿತ್ತು ನಿಜ, ಆದರೆ ಬಡ್ಡಿ ನಿಂತಿರಲಿಲ್ಲ.

ಗಡಿಯಲ್ಲಿ ನಿಂತ ಗಾಡಿ

ಹಿಂದೆ ಹೊರರಾಜ್ಯಕ್ಕೆ ಹೋಗೋದು ಅಂದರೆ ಪ್ರತಿ ಗಡಿಯಲ್ಲೂ ಇಳಿದು, ಚೆಕ್‌ಪೋಸ್ಟ್ ಕಿಟಕಿಗೆ ಹೋಗಿ, ಆ ರಾಜ್ಯದ ತೆರಿಗೆ ಕಟ್ಟಿ ರಸೀದಿ ತಗೊಂಡು ಬರಬೇಕಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ "ಯಾಕೆ ಗಾಡಿ ನಿಲ್ಲಿಸಿದ್ರು?" ಅಂತ ಕೇಳಿದ ನೆನಪು ನಿಮಗೂ ಇರಬಹುದು.

2021ರ ಏಪ್ರಿಲ್ 1ರಿಂದ ಕೇಂದ್ರ ಹೊಸ ನಿಯಮ ತಂತು. ಆನ್‌ಲೈನ್‌ನಲ್ಲಿ ಒಂದೇ ಅರ್ಜಿ, ಒಂದೇ ಶುಲ್ಕ, ಇಡೀ ದೇಶಕ್ಕೆ ಓಡಾಟ. ವರ್ಷಕ್ಕೆ ಬೇಡ ಅಂದರೆ ಮೂರು ತಿಂಗಳಿಗೂ ತಗೋಬಹುದು, ಸೀಸನ್ ನೋಡಿಕೊಂಡು ದುಡಿಯೋರಿಗೆ ಇದು ಅನುಕೂಲ. ಆ ನಿಯಮದಲ್ಲಿ ಹತ್ತಕ್ಕಿಂತ ಹೆಚ್ಚು, 23ಕ್ಕಿಂತ ಕಡಿಮೆ ಸೀಟಿನ ಎಸಿ ಗಾಡಿಗೆ ವರ್ಷಕ್ಕೆ 75,000 ರೂಪಾಯಿ, ನಾನ್ ಎಸಿಗೆ 50,000. ಪರ್ಮಿಟ್ 30 ದಿನದೊಳಗೆ ಕೊಡಬೇಕು ಅಂತಿತ್ತು. 2023ರಲ್ಲಿ ನಿಯಮ ಪರಿಷ್ಕರಿಸಿ ಏಳು ದಿನಕ್ಕೆ ಇಳಿಸಿದರು.

ಇಷ್ಟೆಲ್ಲ ಕಟ್ಟಿದ ಮೇಲೂ ಗಡಿಯ ಕಥೆ ಮುಗಿಯಲಿಲ್ಲ. ಕೇರಳ, ತಮಿಳುನಾಡು ತಮ್ಮ ರಾಜ್ಯದ ತೆರಿಗೆಯನ್ನೂ ಕೇಳತೊಡಗಿದವು. ಹೊರರಾಜ್ಯದ ನೋಂದಣಿ ಇಟ್ಟುಕೊಂಡು ನಮ್ಮಲ್ಲೇ ದಿನಾ ಓಡಿಸ್ತಾರೆ, ನಮ್ಮ ಆದಾಯ ತಪ್ಪುತ್ತೆ ಅನ್ನೋದು ಆ ರಾಜ್ಯಗಳ ವಾದ. ಅದರಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಪ್ರವಾಸದ ಪರ್ಮಿಟ್ ಹಾಕಿಕೊಂಡು ದಿನವಹಿ ಲೈನ್ ಬಸ್ ಥರ ಓಡೋ ದೊಡ್ಡ ಬಸ್‌ಗಳು ಇವೆ. ಆದರೆ ಬಲೆ ಹಾಕಿದ್ದು ಆ ದೊಡ್ಡ ಮೀನಿಗೆ, ಸಿಕ್ಕಿಬೀಳೋದು ತಿಂಗಳಿಗೆ ಒಂದೆರಡು ಸಲ ವಯನಾಡಿಗೋ ಮುನ್ನಾರಿಗೋ ಹೋಗೋ ಟಿಟಿಯೂ ಹೌದು. ಬಸ್ ಮತ್ತು ಟೂರಿಸ್ಟ್ ಗಾಡಿ ಮಾಲೀಕರ ಸಂಘಗಳು ಈ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದವು. ಒಬ್ಬನೇ ಮಾಲೀಕ ವಕೀಲರ ಫೀಸು ಕೊಟ್ಟು ಇಂಥ ಕೇಸ್ ನಡೆಸೋ ಮಾತೇ ಇಲ್ಲ.

ಈ ನಡುವೆ ಅಣ್ಣನಿಗೆ ಸಂಘದಿಂದ ಸಿಗೋ ನಿಜವಾದ ದಿನನಿತ್ಯದ ಸಹಾಯ ಏನು ಅಂದರೆ ವಾಟ್ಸಾಪ್ ಗ್ರೂಪು. ಇವತ್ತು ಯಾವ ಗಡಿಯಲ್ಲಿ ಏನು ಕೇಳ್ತಿದ್ದಾರೆ, ಯಾವ ಆದೇಶದ ಪ್ರತಿ ಫೋನ್‌ನಲ್ಲಿ ಇಟ್ಟುಕೊಂಡಿರಬೇಕು, ಎಫ್‌ಸಿಗೆ ಹೊಸದಾಗಿ ಏನು ಸೇರಿಸಿದ್ದಾರೆ, ಎಲ್ಲ ಅಲ್ಲಿ ಬರುತ್ತೆ. ಗುಡ್ ಮಾರ್ನಿಂಗ್ ಮೆಸೇಜ್‌ಗಳ ಮಧ್ಯೆ ಹುಡುಕಿಕೊಳ್ಳಬೇಕು, ಅಷ್ಟೇ. ಒಮ್ಮೆ ರಾತ್ರಿ ಹೊರರಾಜ್ಯದಲ್ಲಿ ಗಾಡಿ ಹಿಡಿದಾಗ ಇನ್ನೊಬ್ಬ ಸದಸ್ಯರು ಅಲ್ಲಿನ ಪರಿಚಯದವರಿಗೆ ಫೋನ್ ಮಾಡಿ, ಪರ್ಮಿಟ್‌ನ ನಿಯಮ ತೋರಿಸಿ ಬಿಡಿಸಿದರಂತೆ. ಗಾಡಿಯಲ್ಲಿದ್ದ ಹನ್ನೆರಡು ಜನ ನಿದ್ದೆಯಿಂದ ಏಳಲೂ ಇಲ್ಲ.

ಐದು ರೂಪಾಯಿ ಉಳಿಸೋ ವೈಟ್ ಬೋರ್ಡ್

ಈಗ ನಮ್ಮ ಆಫೀಸ್ ಗ್ರೂಪ್‌ನ ಚರ್ಚೆಗೆ ಬರ್ತೀನಿ. ಬಿಳಿ ಬೋರ್ಡ್ ಅಂದರೆ ಸ್ವಂತ ಬಳಕೆಗೆ ನೋಂದಾಯಿಸಿದ ಗಾಡಿ. ಅದಕ್ಕೆ ಪರ್ಮಿಟ್ ಇಲ್ಲ, ಹಳದಿ ಬೋರ್ಡ್‌ನಂತೆ ಮತ್ತೆ ಮತ್ತೆ ಎಫ್‌ಸಿ ಮಾಡಿಸೋ ಗೋಜಿಲ್ಲ, ವಿಮೆಯ ಕಂತೂ ಕಡಿಮೆ. ಅದನ್ನ ಬಾಡಿಗೆಗೆ ಬಿಟ್ಟರೆ ರೇಟ್ ಕಡಿಮೆ ಇರದೆ ಇನ್ನೇನು?

ಸಂಘಗಳು ವರ್ಷಗಳಿಂದ ಇದರ ಮೇಲೆ ಕ್ರಮ ಕೇಳ್ತಾ ಇವೆ. ಮೊದಮೊದಲು ನನಗೂ ಇದು ಸ್ಪರ್ಧೆ ಸಹಿಸದವರ ಗೋಳು ಅನ್ನಿಸ್ತಿತ್ತು. ಪಾಲಿಸಿಯ ಷರತ್ತು ಓದಿದರೆ ವಿಷಯ ಬೇರೆ. ಖಾಸಗಿ ಕಾರಿನ ವಿಮೆ ಬಾಡಿಗೆ ಬಳಕೆಯನ್ನ ಸ್ಪಷ್ಟವಾಗಿ ಹೊರಗಿಡುತ್ತೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಏನಾದರೂ ಆದರೆ, ಗಾಡಿ ಬಾಡಿಗೆಗೆ ಓಡ್ತಿತ್ತು ಅಂತ ಗೊತ್ತಾದ ಕೂಡಲೇ ಕಂಪನಿಗೆ ಕ್ಲೇಮ್ ನಿರಾಕರಿಸೋಕೆ ಕಾರಣ ಸಿಕ್ಕ ಹಾಗೆ. ಒಳಗೆ ಕೂತವರ ಪರಿಹಾರದ ವಿಷಯ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತೆ. ಆಗ ನಾವು ಉಳಿಸಿದ ಐದು ರೂಪಾಯಿ ಯಾರ ಜೇಬಲ್ಲಿರುತ್ತೋ.

ಇದನ್ನ ಗ್ರೂಪ್‌ನಲ್ಲಿ ಹಾಕಿದೆ. ಬುಕ್ ಮಾಡೋ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ ಅಂತಲೂ ಬರೆದೆ. ವಾಹನದ ವರ್ಗ ಏನು, ಎಫ್‌ಸಿ ಯಾವಾಗ ಮುಗಿಯುತ್ತೆ, ವಿಮೆ ಚಾಲ್ತಿಯಲ್ಲಿದೆಯಾ, ಎಲ್ಲ ಅರ್ಧ ನಿಮಿಷದಲ್ಲಿ ಸಿಗುತ್ತೆ. ಇಬ್ಬರು ಥಂಬ್ಸ್ ಅಪ್ ಒತ್ತಿದರು. ಒಬ್ಬರು "ನೀನು ಯಾವಾಗಿಂದ ಆರ್‌ಟಿಒ ಆದೆ?" ಅಂದರು. ಕೊನೆಗೆ ಹೋದದ್ದು ಅಣ್ಣನ ಗಾಡಿಯಲ್ಲೇ.

ಇದೇ ಜಗಳ ಮನೆಗಳ ವಿಷಯದಲ್ಲೂ ಇದೆ. ಕೊಡಗಿನಲ್ಲಿ ನೋಂದಣಿ ಇಲ್ಲದ ಹೋಂಸ್ಟೇಗಳ ಮೇಲೆ ಕ್ರಮ ಆಗಲಿ ಅಂತ ಕೇಳಿದ್ದು ಅಲ್ಲಿನ ಹೋಂಸ್ಟೇ ಮಾಲೀಕರ ಸಂಘವೇ. ತಮ್ಮವರ ವಿರುದ್ಧವೇ ದೂರಾ ಅಂದರೆ, ಹೌದು, ಯಾಕಂದರೆ ಎಲ್ಲೋ ಒಂದು ನೋಂದಣಿ ಇಲ್ಲದ ಮನೆಯಲ್ಲಿ ಗೀಸರ್ ಗ್ಯಾಸ್‌ನಿಂದ ಅನಾಹುತ ಆದರೆ ಸುದ್ದಿಯಲ್ಲಿ ಬರೋದು 'ಕೊಡಗಿನ ಹೋಂಸ್ಟೇ' ಅಂತ. ಪೊಲೀಸರ ಒಪ್ಪಿಗೆ, ಇಲಾಖೆಯ ತಪಾಸಣೆ, ಅತಿಥಿಗಳ ರಿಜಿಸ್ಟರ್ ಎಲ್ಲ ಸರಿಯಾಗಿಟ್ಟವರ ಬುಕಿಂಗೂ ಕ್ಯಾನ್ಸಲ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಡೀ ಜಿಲ್ಲೆಗೆ ಇದರ ರುಚಿ ಸಿಕ್ಕಿತ್ತು. ಕುಸಿತ ಆಗಿದ್ದು ಜಿಲ್ಲೆಯ ಒಂದು ಭಾಗದಲ್ಲಿ. ಜನ ಹೋಗೋದು ನಿಲ್ಲಿಸಿದ್ದು ಇಡೀ ಕೊಡಗಿಗೆ. ಮಳೆ ನಿಂತು ರಸ್ತೆ ತೆರೆದ ಮೇಲೂ ತಿಂಗಳುಗಟ್ಟಲೆ "ನಮ್ಮ ಕಡೆ ಏನೂ ಆಗಿಲ್ಲ, ಬನ್ನಿ" ಅಂತ ಹೇಳೋದೇ ಅವರಿಗೆ ಕೆಲಸವಾಯ್ತು. ಆ ವರ್ಷ ದಸರಾ ಸೀಸನ್‌ನಲ್ಲಿ ಅಣ್ಣನ ಗಾಡಿ ಮಡಿಕೇರಿಗೆ ಒಂದೇ ಸಲ ಹೋಗಿದ್ದಂತೆ.

ಕುಂಬ್ಳೆ ಬಸ್ ಹತ್ತಿದ ದಿನ

2023ರ ಸೆಪ್ಟೆಂಬರ್ 11, ಸೋಮವಾರ. ಕರ್ನಾಟಕ ರಾಜ್ಯ ಖಾಸಗಿ ಸಾರಿಗೆ ಸಂಘಟನೆಗಳ ಒಕ್ಕೂಟ ಬೆಂಗಳೂರು ಸಾರಿಗೆ ಬಂದ್ ಕರೆದಿತ್ತು. ಆಟೊ, ಟ್ಯಾಕ್ಸಿ, ಖಾಸಗಿ ಬಸ್, ಶಾಲಾ ವಾಹನ, ಎಲ್ಲರ ಸಂಘಗಳೂ ಸೇರಿ ಮೂವತ್ತಕ್ಕೂ ಹೆಚ್ಚು. ಅನಿಲ್ ಕುಂಬ್ಳೆ ಏರ್‌ಪೋರ್ಟ್‌ನಿಂದ ಬಿಎಂಟಿಸಿ ಬಸ್‌ನಲ್ಲಿ ಮನೆಗೆ ಬಂದು ಫೋಟೊ ಹಾಕಿದ್ದು ಅವತ್ತೇ. ನಮಗೆಲ್ಲ ನೆನಪಿರೋದು ಆ ಫೋಟೊ. ಅವರ ಬೇಡಿಕೆ ಏನಿತ್ತು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ 'ಫ್ರೀ ಬಸ್ ವಿರುದ್ಧ' ಅಂತಾರೆ.

ಅದು ಒಂದು ಬೇಡಿಕೆ ಹೌದು. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಮೂರು ತಿಂಗಳಾಗಿತ್ತು. ಖಾಸಗಿ ಬಸ್‌ನವರು ನಷ್ಟ ಭರ್ತಿ ಕೇಳ್ತಿದ್ದರು. ಬೈಕ್ ಟ್ಯಾಕ್ಸಿ ನಿಷೇಧಿಸಿ ಅನ್ನೋದು ಇನ್ನೊಂದು. ಜೀವಾವಧಿ ತೆರಿಗೆಯನ್ನ ಒಮ್ಮೆಗೇ ಅಲ್ಲದೆ ಕಂತಿನಲ್ಲಿ ಕಟ್ಟೋಕೆ ಬಿಡಿ, ಟ್ಯಾಕ್ಸಿಗೆ ಒಂದೇ ದರ ನಿಗದಿ ಮಾಡಿ, ವೈಟ್ ಬೋರ್ಡ್ ತಡೆಯಿರಿ ಅನ್ನೋವು ಅದರ ಕೆಳಗೆ. ಮಧ್ಯಾಹ್ನ ಸಾರಿಗೆ ಸಚಿವ ರಾಮಲಿಂಗಾರೆಡ್ಡಿ ಫ್ರೀಡಂ ಪಾರ್ಕ್‌ಗೇ ಬಂದು ಮಾತಾಡಿದರು, ಬಂದ್ ವಾಪಸಾಯ್ತು. ಅಷ್ಟರೊಳಗೆ ನಗರದ ಕೆಲವು ಕಡೆ ಓಡ್ತಿದ್ದ ಆಟೊ, ಕ್ಯಾಬ್, ಬೈಕ್ ಟ್ಯಾಕ್ಸಿಯವರನ್ನ ಅಡ್ಡ ಹಾಕಿ ಹಲ್ಲೆಯೂ ಆಗಿತ್ತು.

ನನಗನ್ನಿಸೋದು, ಆ ಪಟ್ಟಿಯಲ್ಲಿ ಎರಡು ಜಾತಿಯ ಬೇಡಿಕೆಗಳಿದ್ವು. 'ಇನ್ನೊಬ್ಬರನ್ನ ನಿಲ್ಲಿಸಿ' ಅನ್ನೋದು ಒಂದು ಜಾತಿ. 'ಎಲ್ಲರಿಗೂ ಒಂದೇ ನಿಯಮ ಹಾಕಿ' ಅನ್ನೋದು ಇನ್ನೊಂದು. ನಮ್ಮ ಅಮ್ಮ ಶಕ್ತಿ ಟಿಕೆಟ್‌ನಲ್ಲಿ ಶೃಂಗೇರಿಗೆ ಹೋಗಿ ಬಂದು ವಾರಗಟ್ಟಲೆ ಅದರ ಖುಷಿಯಲ್ಲಿದ್ದರು. ಅದನ್ನ ಕಿತ್ತುಕೊಳ್ಳಿ ಅಂತ ಯಾರಾದರೂ ಕೂಗಿದರೆ ನಮ್ಮ ಮನೆಯಲ್ಲಿ ಅವರಿಗೆ ಒಂದು ಲೋಟ ನೀರೂ ಸಿಗೋಲ್ಲ. ಎರಡನೇ ಜಾತಿಯ ಬೇಡಿಕೆಗೆ ಮಾತ್ರ ಜನ ತಲೆ ಆಡಿಸ್ತಾರೆ, ಸರ್ಕಾರವೂ ಕೊಡುತ್ತೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಎಲ್ಲ ಟ್ಯಾಕ್ಸಿಗಳಿಗೂ, ಆ್ಯಪ್‌ನದಾಗಲಿ ಬೇರೆಯದಾಗಲಿ, ಒಂದೇ ದರ ನಿಗದಿ ಮಾಡಿತು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 24. ಹತ್ತರಿಂದ ಹದಿನೈದು ಲಕ್ಷದ ಗಾಡಿಗೆ 115 ಮತ್ತು 28, ಅದರ ಮೇಲಿನದಕ್ಕೆ 130 ಮತ್ತು 32. ಕಾಗದದ ಮೇಲೆ ಸರಿಯಾಗಿ ಬಂತು. ಮಳೆ ಬಂದ ಸಂಜೆ ನಾಗರಬಾವಿಗೆ ಕ್ಯಾಬ್ ಬುಕ್ ಮಾಡಿ ನೋಡಿದರೆ ಕಾಗದಕ್ಕೂ ಫೋನ್‌ಗೂ ಎಷ್ಟು ದೂರ ಅಂತ ಗೊತ್ತಾಗುತ್ತೆ.

ಆ್ಯಪ್ ಎದುರು ನಿಂತ ಹೋಟೆಲ್‌ಗಳು

ಸಂಘ ಕಟ್ಟಿದ್ದಕ್ಕೆ ಏನು ಸಾಧ್ಯ ಅಂತ ಕೇಳಿದರೆ ನಾನು ಕೊಡೋ ದೊಡ್ಡ ಉದಾಹರಣೆ ಗಾಡಿಯದಲ್ಲ, ರೂಮಿನದ್ದು. ಹೋಟೆಲ್ ಮತ್ತು ರೆಸ್ಟೋರೆಂಟ್‌ಗಳ ರಾಷ್ಟ್ರೀಯ ಒಕ್ಕೂಟ ಎಫ್‌ಎಚ್‌ಆರ್‌ಎಐ 1955ರಷ್ಟು ಹಳೆಯದು. ಅದು ಮೇಕ್‌ಮೈಟ್ರಿಪ್-ಗೋಐಬಿಬೊ ಮತ್ತು ಓಯೊ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2019ರಲ್ಲಿ ತನಿಖೆಗೆ ಆದೇಶವಾಯ್ತು. ದೂರಿನ ಸಾರ ನಮ್ಮಂಥ ಆ್ಯಪ್ ಬರೆಯೋರಿಗೆ ಸುಲಭವಾಗಿ ಅರ್ಥವಾಗುತ್ತೆ. ಹೋಟೆಲ್‌ನವರು ತಮ್ಮ ಸ್ವಂತ ವೆಬ್‌ಸೈಟ್‌ನಲ್ಲಿ ಆ್ಯಪ್‌ಗಿಂತ ಕಡಿಮೆ ದರ ಹಾಕುವಂತಿಲ್ಲ ಅನ್ನೋ ಕರಾರು. ಮೇಲಿಂದ ದೊಡ್ಡ ಕಮಿಷನ್. ಓಯೊಗೆ ಆದ್ಯತೆ ಕೊಡೋಕೆ ಫ್ಯಾಬ್‌ಹೋಟೆಲ್ಸ್ ಮತ್ತು ನಮ್ಮ ಬೆಂಗಳೂರಿನದ್ದೇ ಆದ ಟ್ರೀಬೊಗೆ ಸೇರಿದ ಹೋಟೆಲ್‌ಗಳನ್ನ ಪಟ್ಟಿಯಿಂದ ತೆಗೆದದ್ದು.

ಸರ್ಚ್‌ನಲ್ಲಿ ಕಾಣದ ಹೋಟೆಲ್ ಊರಲ್ಲಿ ಇದ್ದೂ ಇಲ್ಲದ ಹಾಗೆ. 2022ರ ಅಕ್ಟೋಬರ್ 19ರಂದು ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿ, ದರದ ಕರಾರುಗಳನ್ನ ಬದಲಿಸಿ ಅಂತ ಹೇಳಿತು. ಕಂಪನಿಗಳು ಮೇಲ್ಮನವಿ ಹಾಕಿದವು. ಅದೇನೇ ಇರಲಿ, ಹಾಸನದಲ್ಲಿ ಹದಿನೈದು ರೂಮಿನ ಲಾಡ್ಜ್ ಇಟ್ಟುಕೊಂಡವರು ಒಬ್ಬರೇ ದೆಹಲಿಗೆ ಹೋಗಿ ಇಂಥ ಕಂಪನಿಗಳ ವಕೀಲರ ಎದುರು ಮೂರು ವರ್ಷ ನಿಲ್ಲೋಕೆ ಆಗುತ್ತಿತ್ತಾ?

ತೆರಿಗೆ ವಿಷಯಕ್ಕೂ ಹೀಗೇ. 2022ರ ಜುಲೈ 18ರಿಂದ ಸಾವಿರ ರೂಪಾಯಿಯ ಒಳಗಿನ ರೂಮಿಗೂ 12% ಜಿಎಸ್‌ಟಿ ಬಂತು, ಅದಕ್ಕೂ ಮೊದಲು ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ 5%. ಅದೇ ದಿನದಿಂದ ಹತ್ತು ಅಥವಾ ಹೆಚ್ಚು ಜನರ ಗಾಡಿಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅಣ್ಣ ಆ ಸುದ್ದಿ ಓದಿ ಒಂದು ನಿಟ್ಟುಸಿರು ಬಿಟ್ಟರು. ಅವರು ಗಾಡಿ ತಗೊಂಡಿದ್ದು 28ರ ಕಾಲದಲ್ಲಿ.

ವೇದಿಕೆ ಮೇಲೆ ಯಾರು

ಇಷ್ಟು ಹೊಗಳಿದ ಮೇಲೆ ತಕರಾರೂ ಹೇಳಬೇಕು. ಸಂಘಗಳಲ್ಲಿ ದನಿ ಇರೋದು ಗಾಡಿಗಳ ಸಂಖ್ಯೆಗೆ. ನಲವತ್ತು ಬಸ್ ಇಟ್ಟವರು ಮುಂದಿನ ಸಾಲಿನಲ್ಲಿ, ಒಂದು ಟಿಟಿಯವರು ಹಿಂದಿನ ಕುರ್ಚಿಯಲ್ಲಿ. ಚುನಾವಣೆ, ಗುಂಪುಗಾರಿಕೆ, ಒಂದೇ ಹೆಸರಿನ ಎರಡು ಸಂಘ, ಇದೆಲ್ಲ ಕನ್ನಡ ನಾಡಿನ ಯಾವ ಸಂಘಕ್ಕೂ ಹೊಸದಲ್ಲ. ರಾಜ್ಯ ಪ್ರವಾಸೋದ್ಯಮ ಇಲಾಖೆ ಕರ್ನಾಟಕ ಟೂರಿಸಂ ಸೊಸೈಟಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಟ್ರಾವೆಲ್ ಎಕ್ಸ್‌ಪೊ ನಡೆಸುತ್ತೆ. 2019ರಲ್ಲಿ ಶುರುವಾಗಿ 2025ರ ಫೆಬ್ರುವರಿಯಲ್ಲಿ ಮತ್ತೆ ನಡೆಯಿತು. ರೆಸಾರ್ಟ್‌ನವರು ಹೊರದೇಶದ ಟೂರ್ ಕಂಪನಿಗಳ ಎದುರು ಕೂತು ವ್ಯವಹಾರ ಮಾತಾಡೋ ಜಾಗ ಅದು. ಒಳ್ಳೆಯದೇ. ಆದರೆ ಆ ರೆಸಾರ್ಟ್‌ಗೆ ಅತಿಥಿಗಳನ್ನ ತಂದು ಇಳಿಸೋ ಡ್ರೈವರ್‌ಗೆ ರಾತ್ರಿ ಮಲಗೋಕೆ ಜಾಗ ಎಲ್ಲಿ ಅನ್ನೋದನ್ನ ಯಾವ ಮೇಜಿನಲ್ಲಿ ಮಾತಾಡಬೇಕು? ಸಕಲೇಶಪುರದ ಎಷ್ಟೋ ಎಸ್ಟೇಟ್ ಸ್ಟೇಗಳಲ್ಲಿ ಈಗಲೂ ಡ್ರೈವರ್‌ಗಳು ಗಾಡಿಯಲ್ಲೇ ಸೀಟು ಮಡಚಿ ಮಲಗ್ತಾರೆ, ಬೆಳಗ್ಗೆ ಘಾಟಿ ಇಳಿಸ್ತಾರೆ. ಇದು ಪ್ರಯಾಣಿಕರ ಜೀವದ ಪ್ರಶ್ನೆಯೂ ಹೌದು. ಸಂಘಗಳ ಬೇಡಿಕೆ ಪಟ್ಟಿಗಳಲ್ಲಿ ನಾನು ಇದನ್ನ ಹುಡುಕಿದೆ, ಕಣ್ಣಿಗೆ ಬೀಳಲಿಲ್ಲ.

ಪ್ಯಾನಿಕ್ ಬಟನ್ ವಿಷಯದಲ್ಲಿ ಅಣ್ಣನಿಗೂ ನನಗೂ ಜಗಳವೇ ಆಯ್ತು. ಹಳದಿ ಬೋರ್ಡ್ ಗಾಡಿಗಳಿಗೆ ಲೊಕೇಶನ್ ಟ್ರ್ಯಾಕಿಂಗ್ ಸಾಧನ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ ಅಂತ ಸಾರಿಗೆ ಇಲಾಖೆ 2023ರ ಕೊನೆಯಲ್ಲಿ ಆದೇಶ ಮಾಡಿತು. ಜಿಎಸ್‌ಟಿ ಬಿಟ್ಟು ಏಳೂವರೆ ಸಾವಿರದಷ್ಟು ಖರ್ಚು. ಸಂಘಗಳು ವಿರೋಧಿಸಿದವು, ಗಡುವು ಮುಂದಕ್ಕೆ ಹೋಯ್ತು. ನಮ್ಮ ಟೀಮ್‌ನಲ್ಲಿ ಅರ್ಧ ಹುಡುಗಿಯರು. ರಾತ್ರಿ ಪ್ರಯಾಣದಲ್ಲಿ ಆ ಬಟನ್ ಇರಲಿ ಅನ್ನೋದು ಅವರ ಮಾತು, ನನ್ನದೂ ಅದೇ. ಅಣ್ಣ ಕೇಳಿದ್ದು ಬೇರೆ: ಬಟನ್ ಒತ್ತಿದರೆ ಆ ಕಡೆ ಎದ್ದು ಬರೋರು ಯಾರು, ಆ ಸಾಧನ ಕೆಟ್ಟರೆ ಎಫ್‌ಸಿ ನಿಲ್ಲಿಸಿ ನನ್ನ ಒಂದು ವಾರದ ದುಡಿಮೆ ಕೆಡಿಸೋರು ಯಾರು. ಸಂಘ ಈ ಎರಡು ಪ್ರಶ್ನೆಯನ್ನೇ ಮುಂದಿಟ್ಟಿದ್ದರೆ ನಾನೂ ಜೊತೆ ನಿಲ್ತಿದ್ದೆ. 'ಬೇಡವೇ ಬೇಡ' ಅಂದಾಗ ಪ್ರಯಾಣಿಕರ ಬೆಂಬಲ ಕಳೆದುಕೊಳ್ಳುತ್ತೆ.

ಇನ್ನೊಂದು ಹೊಸ ತಲೆನೋವು ಬಂದಿದೆ, ಇದಕ್ಕೆ ಇಲ್ಲಿನ ಸಂಘಗಳ ಕೈ ಸುಲಭಕ್ಕೆ ಎಟುಕೋಲ್ಲ. ಗುಡ್ಡಗಾಡಿನ ಊರುಗಳು ಗಾಡಿಗಳ ಸಂಖ್ಯೆಗೆ ಮಿತಿ ಹಾಕ್ತಾ ಇವೆ. ಮುಳ್ಳಯ್ಯನಗಿರಿ ಕಡೆಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿ. ಊಟಿ, ಕೊಡೈಕನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್. 2025ರ ಬೇಸಿಗೆಯಲ್ಲಿ ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಗಾಡಿ ಅಂತ ಮಿತಿಯೂ ಬಂತು. ಮುಳ್ಳಯ್ಯನಗಿರಿಯ ದಾರಿಯಲ್ಲಿ ಮೂರು ಗಂಟೆ ಟ್ರಾಫಿಕ್‌ನಲ್ಲಿ ಕೂತವರಿಗೆ ಮಿತಿ ಯಾಕೆ ಅಂತ ವಿವರಿಸೋದು ಬೇಡ. ಊಟಿಯ ವ್ಯಾಪಾರಿಗಳು 2025ರ ಏಪ್ರಿಲ್ 2ರಂದು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅವರ ಊರು, ಅವರ ಶಾಸಕರು, ಅವರ ಮಾತು ಅಲ್ಲಿನ ಸರ್ಕಾರಕ್ಕೆ ಕೇಳುತ್ತೆ. ಅಲ್ಲಿ ವೋಟಿಲ್ಲದ, ಬೆಂಗಳೂರಿನ ನಂಬರ್ ಪ್ಲೇಟಿನ ಟಿಟಿಯವರು ಯಾರ ಹತ್ತಿರ ಹೋಗಬೇಕು? ಬಾಡಿಗೆಗೆ ಬರೋ ಹನ್ನೆರಡು ಜನರ ಒಂದು ಟಿಟಿಯೂ, ಇಬ್ಬರು ಕೂತ ಒಂದು ಕಾರೂ ಆ 8,000ದಲ್ಲಿ ಒಂದೊಂದೇ ಲೆಕ್ಕ. ಹಂಚಿಕೊಂಡು ಹೋಗೋ ಗಾಡಿಗೆ ಬೇರೆ ಕೋಟಾ ಕೊಡಿ ಅಂತ ಕೇಳೋದು ನ್ಯಾಯ. ಅದನ್ನ ಎರಡೂ ರಾಜ್ಯಗಳ ಸಂಘಗಳು ಸೇರಿ ಕೇಳಬೇಕು.

ಸದ್ಯಕ್ಕೆ ಊಟಿ ಬುಕಿಂಗ್ ಬಂದರೆ ಅಣ್ಣ ಮೊದಲು ಫೋನ್ ತೆಗೆದು ಇ-ಪಾಸ್ ಮಾಡಿಸ್ತಾರೆ. ಅಡ್ವಾನ್ಸ್ ಈಸ್ಕೊಳ್ಳೋದು ಅದು ಸಿಕ್ಕ ಮೇಲೆ.